ಇತಿಹಾಸದ ಪಿಎಚ್.ಡಿ. ಯಾರ ಸೊತ್ತು?

ವೈದ್ಯನಾಗಬೇಕೆಂಬ ಹುಡುಗನಿಗೆ ದಿಲ್ಲಿಯ ರಾಷ್ಟ್ರೀಯ ಪರೀಕ್ಷಾ ಸಂಸ್ಥೆ ಕನ್ನಡದಲ್ಲಿ ಪ್ರಶ್ನೆಪತ್ರಿಕೆ ಕೊಡುತ್ತದೆ. ನೀಟ್ ಎಂಬ ಆ ಪರೀಕ್ಷೆ 13 ಭಾಷೆಗಳಲ್ಲಿ ನಡೆಯುತ್ತದೆ. ಇಂಜಿನಿಯರನಾಗಬೇಕೆಂಬವನಿಗೂ 2021ರಿಂದ ಜೆಇಇ ಮೇನ್ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯುವ ಅವಕಾಶ ದೊರೆತಿದೆ. ಆದರೆ ಇತಿಹಾಸದಲ್ಲಿ ಎಂ.ಎ. ಮುಗಿಸಿ ಸಂಶೋಧನೆಗೆ ಹೋಗಬಯಸುವವನ ಮುಂದೆ ಅದೇ ಸಂಸ್ಥೆ ಇಡುವ ನೆಟ್ ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿದೆ, ಹಿಂದಿಯಲ್ಲಿದೆ, ಕನ್ನಡದಲ್ಲಿ ಇಲ್ಲ. ಮೂತ್ರಪಿಂಡದ ಬಗ್ಗೆ ಕನ್ನಡದಲ್ಲಿ ಪ್ರಶ್ನೆ ಕೇಳಬಹುದಂತೆ. ಬಾದಾಮಿಯ ಚಾಲುಕ್ಯರ ಬಗ್ಗೆ ಕೇಳಲಾಗದಂತೆ! ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವನ್ನು ಕನ್ನಡದಲ್ಲಿ ಕೊರೆದವರಿಗೆ ಸಾಧ್ಯವಾದದ್ದು, ಇಂದಿನ ಗಣಕಯಂತ್ರದ ಯುಗದಲ್ಲಿ ದಿಲ್ಲಿಯವರಿಗೆ ಅಸಾಧ್ಯವಾಗಿದೆ.

ಗಿರಣಿಯ ಕೂಲಿಕಾರ ಬಂಧುಗಳು, ಸಣ್ಣ ಅಂಗಡಿಕಾರ ಬಂಧುಗಳು ಕೇಳಬಹುದು: ಪಗಾರ ಸಮಯಕ್ಕೆ ಬರುವುದಿಲ್ಲ, ಅಂಗಡಿಯ ಬಾಡಿಗೆ ಏರಿದೆ, ಹೀಗಿರುವಾಗ ಪಿಎಚ್.ಡಿ.ಯ ಮಾತು ನಮಗೇಕೆ? ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬಂತಾಯಿತಲ್ಲ!

ಅಲ್ಲ, ಬಂಧುಗಳೆ. ಇದು ಮಲ್ಲಿಗೆ ಹೂವಿನ ಮಾತಲ್ಲ. ನಿಮ್ಮ ದುಡಿಮೆಯ ಲೆಕ್ಕವನ್ನು ಯಾರು ಬರೆಯಬೇಕೆಂಬ ಮಾತು.

ಧಾರವಾಡದ ಹತ್ತಿಯನ್ನೇ ನೋಡಿರಿ. 1861ರಿಂದ 1865ರ ತನಕ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿ ಸಿಗದೆ ಹೋಯಿತು. ಆಗ ಅವರ ಕಣ್ಣು ನಮ್ಮ ಕರಿಮಣ್ಣಿನ ಮೇಲೆ ಬಿತ್ತು. ಬೆಲೆ ಏರಿತು. ಬೆಲೆ ಏರಿದೊಡನೆ ಅಂಡಿಗೆಯಲ್ಲಿ ಕಲಬೆರಕೆ ಇದೆಯೆಂಬ ಕೂಗೂ ಎದ್ದಿತು. 1863ರಲ್ಲಿ ಮುಂಬಯಿ ಸರಕಾರ ಹತ್ತಿಯ ಮೋಸದ ವಿರುದ್ಧ ಕಾಯಿದೆಯನ್ನೇ ತಂದಿತು. ಆ ಕಾಲದ ಕಡತ ಬಿಚ್ಚಿದರೆ ಇನ್‌ಸ್ಪೆಕ್ಟರ ಸಾಹೇಬರ ಮಾತು ಸಿಗುತ್ತದೆ, ಇಂಗ್ಲಿಷ್ ವ್ಯಾಪಾರಿಯ ತಕರಾರು ಸಿಗುತ್ತದೆ. ಹತ್ತಿ ಬಿಡಿಸಿದ ಹೆಣ್ಣುಮಗಳು ಏನೆಂದಳು? ಅಂಡಿಗೆ ಹೊತ್ತ ಹಮಾಲ ಏನೆಂದ? ಗರಗದ, ಹೆಬ್ಬಳ್ಳಿಯ ಸಣ್ಣ ವ್ಯಾಪಾರಿಗೆ ಕಲಬೆರಕೆಯ ಲಾಭದಲ್ಲಿ ಎಷ್ಟು ಪಾಲು, ಮುಂಬಯಿಯ ದೊಡ್ಡ ಕೊಠಿಗೆ ಎಷ್ಟು ಪಾಲು? ಕಡತದಲ್ಲಿ ಇದು ನೇರವಾಗಿ ಬರೆದಿರುವುದಿಲ್ಲ. ಸಾಲುಗಳ ನಡುವೆ ಹುಡುಕಬೇಕು. ಹುಡುಕಲು ಕಲಿತವರು ಬೇಕು. ಹುಡುಕಬೇಕೆಂಬ ಉರಿ ಹೊಟ್ಟೆಯಲ್ಲಿ ಇದ್ದವರೂ ಬೇಕು. ಆ ಉರಿ ಯಾರ ಮನೆಯಲ್ಲಿ ಹುಟ್ಟೀತು ಎಂಬುದನ್ನು ನಾವು ಹೇಳಬೇಕಾಗಿಲ್ಲ.

ನಮ್ಮ ನಾಡಿನ ಇತಿಹಾಸವನ್ನು ಮೊದಲು ವ್ಯವಸ್ಥಿತವಾಗಿ ಬರೆದವರಲ್ಲಿ ಜೆ.ಎಫ್. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ ಒಬ್ಬ. ಕನ್ನಡ ಜಿಲ್ಲೆಗಳ ರಾಜವಂಶಗಳ ಮೇಲಿನ ಅವನ ಗ್ರಂಥ 1882ರದು. ಸಂಗೊಳ್ಳಿ ರಾಯಣ್ಣನ ಮೇಲೆ, ಹಲಗಲಿಯ ಬೇಡರ ಮೇಲೆ ನಮ್ಮ ಲಾವಣಿಕಾರರು ಕಟ್ಟಿದ ಹಾಡುಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವನೂ ಅವನೇ. ಅವನ ಪರಿಶ್ರಮಕ್ಕೆ ನಾವು ಕೈಮುಗಿಯುತ್ತೇವೆ. ಆದರೆ ಬೇಡರ ಆಯುಧ ಕಿತ್ತುಕೊಂಡ ಸರಕಾರದ ನೌಕರನೇ ಬೇಡರ ಹಾಡನ್ನೂ ಬರೆದಿಡಬೇಕಾಯಿತಲ್ಲ, ಅದು ನಮಗೆ ಚುಚ್ಚುತ್ತದೆ. ಬಳಿಕ ಆಲೂರ ವೆಂಕಟರಾಯರು 1917ರಲ್ಲಿ ‘ಕರ್ನಾಟಕ ಗತವೈಭವ’ ಬರೆದರು. ಅವರು ವಕೀಲರು, ಹೆಸರಿನ ಮುಂದೆ ಡಾಕ್ಟರೆಂಬ ಬಿರುದು ಇರಲಿಲ್ಲ. ಪದವಿಯಿಲ್ಲದೆಯೂ ಇತಿಹಾಸ ಬರೆಯಬಹುದೆಂದು ಇಂದಿಗೂ ಕೆಲವರು ಅವರ ಹೆಸರು ಹೇಳಿ ನಮ್ಮ ಬಾಯಿ ಮುಚ್ಚಿಸುತ್ತಾರೆ. ಬರೆಯಬಹುದು, ಯಾರು ಬೇಡವೆಂದರು? ಆದರೆ ಇಂದು ವಿಶ್ವವಿದ್ಯಾಲಯದ ಪಾಠದ ಕುರ್ಚಿ, ಸಂಶೋಧನೆಯ ಹಣ, ಪಠ್ಯಪುಸ್ತಕ ಸಮಿತಿಯ ಸ್ಥಾನ, ಇವೆಲ್ಲ ಆ ಮೂರಕ್ಷರದ ಬೆನ್ನು ಹಿಡಿದು ನಡೆಯುತ್ತವೆ. ಅದು ಇಲ್ಲದವನು ಪುಸ್ತಕ ಬರೆದು ಮನೆಯಲ್ಲಿಟ್ಟುಕೊಳ್ಳಬೇಕು. ಇದ್ದವನು ನಿಮ್ಮ ಮಕ್ಕಳಿಗೆ ಪಾಠ ಬರೆಯುತ್ತಾನೆ.

ಈಗ ಮಾಳಮಡ್ಡಿಗೆ ಬರೋಣ. ಸ್ಟೇಶನ್ನಿಗೆ ಹತ್ತಿದ ಈ ಓಣಿಗಳಲ್ಲಿ ಇತಿಹಾಸಕ್ಕೆ ಏನು ಬರ? ಸದರ್ನ್ ಮರಾಠಾ ರೈಲ್ವೆ ಕಂಪನಿಯ ಮುಖ್ಯ ಕಚೇರಿ ಧಾರವಾಡದಲ್ಲಿತ್ತು. 1917ರಲ್ಲಿ ಹುಟ್ಟಿದ ಕರ್ನಾಟಕ ಕಾಲೇಜು ಮುಂದೆ ಸೇರಿಕೊಂಡದ್ದು ಆ ಕಂಪನಿಯ ಕಟ್ಟಡವನ್ನೇ. 1928ರಲ್ಲಿ ಭಾಗೀರಥಿಬಾಯಿ ಪುರಾಣಿಕರು ಕಟ್ಟಿದ ವನಿತಾ ಸೇವಾ ಸಮಾಜ ಇದೇ ಮಾಳಮಡ್ಡಿಯಲ್ಲಿದೆ. ವಿಧವೆಯರು ಮನೆಯ ಮೂಲೆಯಲ್ಲಿ ಕೂಡ್ರಬೇಕಾಗಿದ್ದ ಕಾಲದಲ್ಲಿ ಹೆಣ್ಣುಮಕ್ಕಳನ್ನು ಕರೆದು ಅಕ್ಷರ ಕಲಿಸಿದ ಸಂಸ್ಥೆ ಅದು. ಹಳಿ ಹಾಸಿದ ಗ್ಯಾಂಗಮನ್ನರು, ಕಂಪನಿಯ ಕಾರಕೂನರು, ಸ್ಟೇಶನ್ನಿನ ಹಮಾಲರು, ಇವರ ಬದುಕಿನ ಮೇಲೆ ಒಂದು ಪ್ರಬಂಧಕ್ಕಲ್ಲ, ಹತ್ತು ಪ್ರಬಂಧಗಳಿಗೆ ಇಲ್ಲಿ ಸರಕು ಇದೆ. ಕೋಲಾರದ ಚಿನ್ನದ ಗಣಿಯ ಕೂಲಿಕಾರರ, ಬೆಂಗಳೂರಿನ ಗಿರಣಿ ಕೂಲಿಕಾರರ ಮೇಲೆ ಇತಿಹಾಸಕಾರ್ತಿ ಜಾನಕಿ ನಾಯರರು 1998ರಲ್ಲಿ ಒಂದು ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು. ಅಂಥದೊಂದು ಗ್ರಂಥಕ್ಕೆ ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯೂ ಯೋಗ್ಯ, ಹುಬ್ಬಳ್ಳಿಯ ಹತ್ತಿ ಗಿರಣಿಯೂ ಯೋಗ್ಯ. 1921ರ ಜುಲೈ 1ರಂದು ಧಾರವಾಡದಲ್ಲಿ ಹೆಂಡದ ಅಂಗಡಿಯ ಮುಂದೆ ನಡೆದ ಗೋಳಿಬಾರೂ ಯೋಗ್ಯ, 1980ರ ಜುಲೈ 21ರ ನರಗುಂದ–ನವಲಗುಂದದ ರೈತರ ಬಂಡಾಯವೂ ಯೋಗ್ಯ.

ಮಾಳಮಡ್ಡಿಯಲ್ಲಿ ಕಿರಾಣಿ ಅಂಗಡಿ ಇಟ್ಟ ಒಬ್ಬ ತಂದೆ, ಅವನಿಗೆ ಒಬ್ಬಳು ಮಗಳು ಎಂದು ಇಟ್ಟುಕೊಳ್ಳೋಣ. ಕನ್ನಡ ಶಾಲೆಯಲ್ಲಿ ಓದಿದಳು, ಕನ್ನಡದಲ್ಲೇ ಬಿ.ಎ. ಬರೆದಳು, ಕನ್ನಡದಲ್ಲೇ ಎಂ.ಎ. ಬರೆದು ಒಳ್ಳೆಯ ಗುಣ ಪಡೆದಳು. ಅಜ್ಜ ಹತ್ತಿ ಅಂಡಿಗೆ ಹೊತ್ತವನು; ಆ ಹತ್ತಿಯ ಕಥೆಯನ್ನೇ ಶೋಧಿಸಬೇಕೆಂದು ಅವಳ ಆಸೆ. ಈಗ ಅವಳ ಮುಂದಿನ ದಾರಿಯನ್ನು ಒಂದೊಂದೇ ಹೆಜ್ಜೆ ಅಳೆಯಿರಿ.

ಮೊದಲು ಅರ್ಜಿ. 2024ರ ಜೂನ್ ತಿಂಗಳ ನೆಟ್ ಪರೀಕ್ಷೆಗೆ ಸಾಮಾನ್ಯ ವರ್ಗದವರು ಕೊಡಬೇಕಾದ ಶುಲ್ಕ 1150 ರೂಪಾಯಿ, ಹಿಂದುಳಿದವರಿಗೆ 600, ಪರಿಶಿಷ್ಟರಿಗೆ 325. ನಮ್ಮ ಹುಡುಗಿಯ ಮನೆಯವರು ರಾಜ್ಯದ ಪಟ್ಟಿಯಲ್ಲಿ 3ಬಿ ಎಂದು ಇಟ್ಟುಕೊಳ್ಳಿ. ಧಾರವಾಡದಲ್ಲಿ ಹಿಂದುಳಿದವಳು. ಆದರೆ ದಿಲ್ಲಿಯ ಪಟ್ಟಿ ಬೇರೆ, ಬೆಂಗಳೂರಿನ ಪಟ್ಟಿ ಬೇರೆ. 3ಬಿಯಲ್ಲಿರುವ ಎಷ್ಟೋ ಲಿಂಗಾಯತ ಮನೆಗಳು ಕೇಂದ್ರದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಇಲ್ಲ. ಅದೇ ತಂದೆ, ಅದೇ ಅಂಗಡಿ, ಅದೇ ಉದ್ರಿ ಖಾತೆ. ರೈಲು ಹತ್ತಿ ದಿಲ್ಲಿಗೆ ಹೋಗುವಷ್ಟರಲ್ಲಿ ಮುಂದುವರಿದವಳಾಗಿಬಿಟ್ಟಳು! ಶುಲ್ಕದ ಮಾತು ಸಣ್ಣದು. ಉತ್ತೀರ್ಣತೆಯ ಗೆರೆಯೂ ಅದರೊಡನೆ ಮೇಲಕ್ಕೆ ಸರಿಯುತ್ತದೆ.

ಮೂರು ತಾಸು, 150 ಪ್ರಶ್ನೆ, 300 ಗುಣ. ಹಿಂದಿಯಲ್ಲಿ ಓದಿದ ಲಖನೌದ ಹುಡುಗ ತನ್ನ ಮಾತೃಭಾಷೆಯಲ್ಲಿ ಪ್ರಶ್ನೆ ಓದುತ್ತಾನೆ. ಮಾಳಮಡ್ಡಿಯ ಹುಡುಗಿ ಪ್ರತಿಯೊಂದು ಪ್ರಶ್ನೆಯನ್ನೂ ಮೊದಲು ಕನ್ನಡಕ್ಕೆ ತಿರುಗಿಸಿ, ಉತ್ತರ ಯೋಚಿಸಿ, ಮತ್ತೆ ಇಂಗ್ಲಿಷಿಗೆ ತಿರುಗಿಸಿ ಗುರುತು ಹಾಕಬೇಕು. ಗಡಿಯಾರ ಮಾತ್ರ ಇಬ್ಬರಿಗೂ ಒಂದೇ. ಇದಕ್ಕೆ ಇವರು ಪ್ರತಿಭೆಯ ಪರೀಕ್ಷೆ ಎಂದು ಹೆಸರಿಟ್ಟಿದ್ದಾರೆ. ಪರೀಕ್ಷೆಗೆ ಕುಳಿತವರಲ್ಲಿ ಅಧ್ಯಾಪಕರಾಗಲು ಅರ್ಹರೆಂದು ಸಾರುವುದು ನೂರಕ್ಕೆ ಆರು ಜನರನ್ನು. ಅದರಲ್ಲೂ ಶಿಷ್ಯವೇತನ ಸಿಗುವುದು ಕೆಲವರಿಗೇ.

ಇಷ್ಟು ಬಿಗಿಯಾದ ಬಾಗಿಲಿನ ಕಾವಲುಗಾರರಾದರೂ ನೆಟ್ಟಗಿದ್ದಾರೆಯೇ? 2024ರ ಜೂನ್ 18ರಂದು ದೇಶದಲ್ಲೆಲ್ಲ 9 ಲಕ್ಷಕ್ಕೂ ಹೆಚ್ಚು ಜನ ಈ ಪರೀಕ್ಷೆ ಬರೆದರು. ಮರುದಿನವೇ, ಅಂದರೆ 19ರಂದು, ಪರೀಕ್ಷೆ ರದ್ದಾಯಿತು! ಪ್ರಶ್ನೆಪತ್ರಿಕೆ ಸೋರಿದೆಯೆಂಬ ಸಂಶಯಕ್ಕೆ ರದ್ದು ಮಾಡಿದರು. ಸೋರಿಕೆಯ ಸಾಕ್ಷಿಯೆಂದು ಓಡಾಡಿದ ಚಿತ್ರವನ್ನು ಯಾರೋ ತಿದ್ದಿ ಮಾಡಿದ್ದೆಂದು ಸಿಬಿಐ ತನಿಖೆಯಲ್ಲಿ ಆಮೇಲೆ ಬಂತು. ಮತ್ತೆ ಪರೀಕ್ಷೆ ನಡೆದದ್ದು ಆಗಸ್ಟ್ 21ರಿಂದ ಸಪ್ಟೆಂಬರ್ ಮೊದಲ ವಾರದ ತನಕ. ಎರಡು ತಿಂಗಳು ಕೆಲಸ ಬಿಟ್ಟು ಕುಳಿತ ಹುಡುಗನ ಪಗಾರವನ್ನು ಯಾರು ತುಂಬಿಕೊಟ್ಟರು? ಗಿರಣಿಯಲ್ಲಿ ಒಂದು ದಿನ ತಡವಾಗಿ ಬಂದರೆ ಅರ್ಧ ದಿನದ ಕೂಲಿ ಮುರಿಯುತ್ತಾರೆ. ಇವರು ಒಂಬತ್ತು ಲಕ್ಷ ಜನರ ಒಂದು ಋತುವನ್ನೇ ಮುರಿದರು.

ಅದೇ 2024ರ ಮಾರ್ಚಿನಲ್ಲಿ ಯುಜಿಸಿ ಇನ್ನೊಂದು ನಿರ್ಣಯ ಮಾಡಿತ್ತು. ಪಿಎಚ್.ಡಿ. ಪ್ರವೇಶಕ್ಕೂ ಈ ನೆಟ್ ಗುಣಗಳನ್ನೇ ಬಳಸಬೇಕು, ವಿಶ್ವವಿದ್ಯಾಲಯಗಳು ತಂತಮ್ಮ ಪ್ರವೇಶ ಪರೀಕ್ಷೆಗಳನ್ನು ಬಿಡಬೇಕು ಎಂಬುದು ಅದರ ಇಚ್ಛೆ. ಶಿಷ್ಯವೇತನ ಸಿಗದವರ ನೆಟ್ ಗುಣಕ್ಕೆ ನೂರರಲ್ಲಿ 70 ತೂಕ, ಸಂದರ್ಶನಕ್ಕೆ 30. ಆ ಗುಣದ ಆಯುಷ್ಯ ಒಂದು ವರ್ಷ. ಹತ್ತು ಅರ್ಜಿ, ಹತ್ತು ಶುಲ್ಕ ಬೇಡ, ಒಂದೇ ಪರೀಕ್ಷೆ ಸಾಕೆಂದು ಹೊಗಳುತ್ತಾರೆ. ಕೇಳಲಿಕ್ಕೆ ಚಂದವೇ. ಆದರೆ ಊರಿನ ವಿಶ್ವವಿದ್ಯಾಲಯದ ಸ್ವಂತ ಪರೀಕ್ಷೆಯಲ್ಲಿ ಕನ್ನಡಕ್ಕೆ ಜಾಗ ಮಾಡಿಕೊಡುವ ಅಧಿಕಾರ ಊರಿನವರಿಗಿರುತ್ತದೆ. ದಿಲ್ಲಿಯ ಒಂದೇ ಪರೀಕ್ಷೆಯಲ್ಲಿ ಅದು ಸತ್ತುಹೋಗುತ್ತದೆ. 1949ರ ತನಕ ಈ ಭಾಗದ ಹುಡುಗರು ಮುಂಬಯಿ ವಿಶ್ವವಿದ್ಯಾಲಯದ ಪದವಿಗೆ ಕಾಯಬೇಕಿತ್ತು. ಆ ವರ್ಷ ಕರ್ನಾಟಕ ವಿಶ್ವವಿದ್ಯಾಲಯ ಮುಂಬಯಿಯಲ್ಲೇ ಹುಟ್ಟಿ 1950ರಲ್ಲಿ ಧಾರವಾಡಕ್ಕೆ ಬಂತು. ಹಿರಿಯರು ಹೋರಾಡಿ ಬಾಗಿಲನ್ನು ಊರಿಗೆ ತಂದರು. ಈಗ ಬೀಗದಕೈ ದಿಲ್ಲಿಗೆ ಹೋಗುತ್ತಿದೆ.

ಇರಲಿ, ನಮ್ಮ ಹುಡುಗಿ ಗಟ್ಟಿಗಿತ್ತಿ. ಪರಭಾಷೆಯಲ್ಲಿ ಬರೆದೂ ಗೆದ್ದಳು. ದೇವರು ವರ ಕೊಟ್ಟ. ಪೂಜಾರಿ ಕೊಡಬೇಕಲ್ಲ?

ಇಲ್ಲಿ ಒಂದು ಲೆಕ್ಕವನ್ನು ಅಂಗಡಿಕಾರ ಬಂಧುಗಳು ಲಕ್ಷ್ಯಕೊಟ್ಟು ಓದಬೇಕು. 2022ರ ನವೆಂಬರ್ 7ರ ಯುಜಿಸಿ ನಿಯಮದ ಪ್ರಕಾರ ಒಬ್ಬ ಪ್ರೊಫೆಸರ ಒಂದು ಕಾಲಕ್ಕೆ 8 ಸಂಶೋಧಕರಿಗೆ ಮಾರ್ಗದರ್ಶಕನಾಗಬಹುದು. ಸಹ ಪ್ರಾಧ್ಯಾಪಕ 6, ಸಹಾಯಕ ಪ್ರಾಧ್ಯಾಪಕ 4. ಒಂದು ವಿಭಾಗದಲ್ಲಿ ಒಬ್ಬ ಪ್ರೊಫೆಸರ, ಇಬ್ಬರು ಸಹ ಪ್ರಾಧ್ಯಾಪಕರು, ನಾಲ್ವರು ಸಹಾಯಕರು ಇದ್ದರೆ 36 ಜನರಿಗೆ ಎಡೆ. ಪ್ರೊಫೆಸರ ನಿವೃತ್ತನಾದ, ಜಾಗ ತುಂಬಲಿಲ್ಲ: 8 ಹೋಯಿತು. ಸಹ ಪ್ರಾಧ್ಯಾಪಕರು ಇಬ್ಬರೂ ನಿವೃತ್ತರಾದರು: 12 ಹೋಯಿತು. ಸಹಾಯಕರಲ್ಲಿ ಮೂವರ ಜಾಗದಲ್ಲಿ ತಾಸಿನ ಲೆಕ್ಕದ ಅತಿಥಿ ಉಪನ್ಯಾಸಕರು ಬಂದರು. ಅತಿಥಿಗೆ ಮಾರ್ಗದರ್ಶಕನಾಗುವ ಅಧಿಕಾರವಿಲ್ಲ, ಇನ್ನೂ 12 ಹೋಯಿತು. ಉಳಿದದ್ದು 4. ಆ ಒಬ್ಬ ಸಹಾಯಕನ ಬಳಿ ಮೊದಲೇ ನಾಲ್ವರಿದ್ದರೆ, ಮಾಳಮಡ್ಡಿಯ ಹುಡುಗಿಗೆ ಸೊನ್ನೆ. ಇದಲ್ಲದೆ ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಉಳಿದವರು ಹೊಸ ವಿದ್ಯಾರ್ಥಿಯನ್ನು ತೆಗೆದುಕೊಳ್ಳುವಂತಿಲ್ಲ. ಇದು ಯಾವುದೇ ಒಂದು ವಿಭಾಗದ ಲೆಕ್ಕವಲ್ಲ, ತಿಳಿಯಲೆಂದು ಹಾಕಿದ ಲೆಕ್ಕ. ಆದರೆ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಖಾಲಿ ಬಿದ್ದ ಕುರ್ಚಿಗಳನ್ನು ಕಂಡವರಿಗೆ ಇದು ಕಲ್ಪನೆಯೆಂದು ಅನಿಸಲಾರದು.

ಹುದ್ದೆ ತುಂಬದೆ ಸರಕಾರ ಪಗಾರ ಉಳಿಸುತ್ತದೆ. ಅದರ ಬೆಲೆಯನ್ನು ಈ ಹುಡುಗಿ ತೆರುತ್ತಾಳೆ. ಪತ್ರಿಕೆಯಲ್ಲಿ ಮಾತ್ರ ‘ತೀವ್ರ ಸ್ಪರ್ಧೆ’ ಎಂದು ಬರುತ್ತದೆ. ರೇಶನ್ ಅಂಗಡಿಯಲ್ಲಿ ನಾಲ್ಕೇ ಚೀಲ ಅಕ್ಕಿ ಇಳಿಸಿ, ಹೊರಗೆ ನಾನೂರು ಜನರನ್ನು ನಿಲ್ಲಿಸಿ, ನೋಡಿರಿ ಅಕ್ಕಿಗೆ ಎಂಥ ಸ್ಪರ್ಧೆ ಎಂದರೆ ನೀವು ಸುಮ್ಮನಿರುತ್ತೀರಾ?

ಹಣದ ಮಾತು ಬರಲಿ. ಶಿಷ್ಯವೇತನ ಗಿಟ್ಟಿಸಿದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ಒಳ್ಳೆಯದೇ, ಕಡಿಮೆಯೆಂದು ನಾವು ಅನ್ನುವುದಿಲ್ಲ. ಆದರೆ ಅದಕ್ಕೆ ಸಾಮಾನ್ಯ ವರ್ಗದ ಗಂಡಸಿನ ವಯಸ್ಸು 30 ಮೀರಿರಬಾರದು. ಹೆಂಗಸರಿಗೆ, ಮೀಸಲಾತಿಯವರಿಗೆ ಐದು ವರ್ಷ ರಿಯಾಯತಿ. ಮನೆ ನಡೆಸಲು ಐದಾರು ವರ್ಷ ದುಡಿದು ಆಮೇಲೆ ಓದಿಗೆ ಮರಳುವ ಹುಡುಗನಿಗೆ ಬಾಗಿಲು ಮುಚ್ಚಿದಂತೆಯೇ. ಶಿಷ್ಯವೇತನ ಸಿಗದವರ ಪಾಡೇನು? ಕೇಂದ್ರ ವಿಶ್ವವಿದ್ಯಾಲಯದಲ್ಲಿ ಇದ್ದರೆ ಯುಜಿಸಿ ತಿಂಗಳಿಗೆ 8,000 ರೂಪಾಯಿ ಕೊಡುತ್ತದೆ. ಆ ದರ 2012ರದು. 2015ರಲ್ಲಿ ಅದನ್ನೂ ನಿಲ್ಲಿಸಹೊರಟಾಗ ದಿಲ್ಲಿಯ ಯುಜಿಸಿ ಕಚೇರಿಯ ಮುಂದೆ ವಿದ್ಯಾರ್ಥಿಗಳು ಹಗಲು ರಾತ್ರಿ ಕುಳಿತರು, ಲಾಠಿಯ ಏಟು ತಿಂದರು, ಅದು ಉಳಿಯಿತು. ರಾಜ್ಯದ ವಿಶ್ವವಿದ್ಯಾಲಯದವರಿಗೆ ಆ ಎಂಟು ಸಾವಿರವೂ ಇಲ್ಲ. ಹೈದರಾಬಾದಿನ ಕೇಂದ್ರ ವಿಶ್ವವಿದ್ಯಾಲಯದಲ್ಲಿ ಓದಿದರೆ ಹಸಿವೆ ಉಂಟು, ಧಾರವಾಡದಲ್ಲಿ ಓದಿದರೆ ಹಸಿವೆ ಇಲ್ಲ ಎಂದು ಇವರ ಶಾಸ್ತ್ರ ಹೇಳುತ್ತದೆಯೇ?

ಖರ್ಚಾದರೋ ಕಡಿಮೆಯದಲ್ಲ. 1956ರ ನವೆಂಬರ್ 1ರ ತನಕ ಧಾರವಾಡ ಜಿಲ್ಲೆ ಮುಂಬಯಿಗೆ ಸೇರಿತ್ತು. ಆದುದರಿಂದ ಆ ಕಾಲದ ಸರಕಾರೀ ಕಾಗದಪತ್ರಗಳ ದೊಡ್ಡ ಭಾಗ ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ಮಹಾರಾಷ್ಟ್ರದ ಪತ್ರಾಗಾರದಲ್ಲಿದೆ. ಮಾಳಮಡ್ಡಿಯ ಅಜ್ಜನ ಹತ್ತಿಯ ಕಥೆ ಓದಲು ಮೊಮ್ಮಗಳು ಮುಂಬಯಿಯಲ್ಲಿ ತಿಂಗಳುಗಟ್ಟಲೆ ಇರಬೇಕು. ಅಲ್ಲಿ ಒಂದು ಹಾಸಿಗೆಯ ಬಾಡಿಗೆ ಎಷ್ಟೆಂದು ಮುಂಬಯಿಗೆ ಹೋಗಿ ಬಂದ ಗಿರಣಿಯ ಅಣ್ಣಗಳನ್ನೇ ಕೇಳಿರಿ. ಮರಾಠಿಯ ಮೋಡಿ ಲಿಪಿ ಕಲಿಯಬೇಕು, ಅದಕ್ಕೆ ಗುರು ಬೇಕು. ಮೊದಲಾದರೆ ಎಂ.ಫಿಲ್. ಎಂಬ ಒಂದು ಮೆಟ್ಟಿಲಿತ್ತು. ಕನ್ನಡ ಶಾಲೆಯಿಂದ ಬಂದವರು ಅಲ್ಲಿ ನಿಂತು ಉಸಿರು ತಿರುಗಿಸಿಕೊಂಡು ಬರವಣಿಗೆ ಕಲಿಯುತ್ತಿದ್ದರು. 2022ರ ನಿಯಮ ಆ ಮೆಟ್ಟಿಲನ್ನೂ ಕಿತ್ತುಹಾಕಿತು.

ಇನ್ನು ಸಂದರ್ಶನ. ಐದಾರು ಜನ ವಿದ್ವಾಂಸರ ಮುಂದೆ ಹತ್ತು ನಿಮಿಷ. ಯಾವ ಊರು, ಯಾವ ಕಾಲೇಜು, ತಂದೆ ಏನು ಮಾಡುತ್ತಾರೆ? ಇಷ್ಟರಲ್ಲೇ ಅರ್ಧ ತೀರ್ಮಾನ. ಇದು ನಮ್ಮ ಮತ್ಸರದ ಮಾತೆಂದು ಯಾರೂ ತಿಳಿಯಬಾರದು. ದಿಲ್ಲಿಯ ಜೆಎನ್‌ಯುದಲ್ಲೇ 2016ರಲ್ಲಿ ಪ್ರೊ. ಅಬ್ದುಲ್ ನಾಫೆಯವರ ಸಮಿತಿ ಹಿಂದಿನ ವರ್ಷಗಳ ಗುಣಗಳನ್ನು ಪರಿಶೀಲಿಸಿತು. ಬರೆದ ಪರೀಕ್ಷೆಯ ಗುಣಕ್ಕೂ ಮೌಖಿಕದ ಗುಣಕ್ಕೂ ಇರುವ ಅಂತರ ಭೇದಭಾವವನ್ನು ಸೂಚಿಸುತ್ತದೆ, ಮೌಖಿಕವನ್ನು 30ರಿಂದ 15ಕ್ಕೆ ಇಳಿಸಿರಿ ಎಂದು ಹೇಳಿತು. ಆದದ್ದೇನು? ಅದೇ 2016ರ ಯುಜಿಸಿ ನಿಯಮ ಬರೆದ ಪರೀಕ್ಷೆಯನ್ನು ಬರೀ ದಾಟುವ ಹೊಸ್ತಿಲು ಮಾಡಿ, ಆಯ್ಕೆಯನ್ನೆಲ್ಲ ಮೌಖಿಕದ ಮೇಲೆ ಹಾಕಿತು! ಗದ್ದಲವಾದ ಮೇಲೆ 2018ರಲ್ಲಿ 70–30ಕ್ಕೆ ಮರಳಬೇಕಾಯಿತು. ಹಿಂದುಳಿದ ಜಿಲ್ಲೆಗಳಿಂದ ಬಂದವರಿಗೆ ಜೆಎನ್‌ಯು ಕೊಡುತ್ತಿದ್ದ ಹೆಚ್ಚಿನ ಗುಣಗಳೂ 2017ರಲ್ಲಿ ಸಂಶೋಧನೆಯ ಪ್ರವೇಶಕ್ಕೆ ಇಲ್ಲವಾದವು.

ವಿದೇಶಕ್ಕೆ ಹೋಗಲಿ ಎನ್ನುವ ಜಾಣರಿದ್ದಾರೆ. ಪರಿಶಿಷ್ಟ ಜಾತಿಯವರು, ಅಲೆಮಾರಿಗಳು, ಭೂಮಿಯಿಲ್ಲದ ಕೃಷಿ ಕೂಲಿಕಾರರು, ಕುಶಲಕರ್ಮಿಗಳು, ಇವರ ಮಕ್ಕಳು ಹೊರದೇಶದಲ್ಲಿ ಓದಲು ಕೇಂದ್ರ ಸರಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ. ವರ್ಷಕ್ಕೆ 125 ಜನ, ಇಡೀ ಭಾರತಕ್ಕೆ. 2022ರ ಫೆಬ್ರವರಿಯಲ್ಲಿ ಇದಕ್ಕೆ ಒಂದು ಹೊಸ ಷರತ್ತು ಸೇರಿತು. ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಮಾಜಗಳ ಮೇಲಿನ ವಿಷಯ ಆರಿಸಿಕೊಂಡರೆ ಈ ವೇತನ ಇಲ್ಲ! ಕೂಲಿಕಾರನ ಮಗ ಸರಕಾರದ ಹಣದಲ್ಲಿ ಆಕ್ಸಫರ್ಡಿಗೆ ಹೋಗಿ ಫ್ರಾನ್ಸಿನ ರೈತರ ಇತಿಹಾಸ ಓದಬಹುದು, ತನ್ನ ತಂದೆಯ ಇತಿಹಾಸ ಓದಬಾರದು. ಅದನ್ನು ದೇಶದಲ್ಲೇ ಓದಲಿ ಎಂಬುದು ಮಂತ್ರಾಲಯದ ಸಮಾಧಾನ. ದೇಶದಲ್ಲಿ ಎಲ್ಲಿ ಓದಬೇಕು, ಸ್ವಾಮಿ? ಖಾಲಿ ಕುರ್ಚಿಯ ಮುಂದೆಯೇ? ಸಿರಿವಂತನ ಮಗನಿಗೆ ಈ ಷರತ್ತಿಲ್ಲ. ಅವನು ಸ್ವಂತ ಹಣದಿಂದ ಹೋಗಿ ನಮ್ಮ ಜಾತಿ, ನಮ್ಮ ಜಾತ್ರೆ, ನಮ್ಮ ಬಡತನದ ಮೇಲೆಯೇ ಪ್ರಬಂಧ ಬರೆದು ಬರುತ್ತಾನೆ. ಬರೆಯಲಿ. ನಮ್ಮವರೂ ಬರೆಯಲಿ ಎಂದಷ್ಟೇ ನಾವು ಕೇಳುವುದು.

ಎರಡು ಆಕ್ಷೇಪಣೆಗಳಿಗೆ ಉತ್ತರ ಕೊಡಬೇಕಾಗಿದೆ. ಇಂಗ್ಲಿಷ್ ಇಲ್ಲದೆ ಸಂಶೋಧನೆ ಹೇಗೆ ಎನ್ನುತ್ತಾರೆ. ಇಂಗ್ಲಿಷ್ ಬೇಕು, ಮರಾಠಿ ಬೇಕು, ಹಳಗನ್ನಡ ಬೇಕು, ಪಾರಸಿ ಬಂದರೆ ಇನ್ನೂ ಒಳ್ಳೆಯದು. ಒಳಗೆ ಕರೆದುಕೊಂಡು ಕಲಿಸಿರಿ. ಹಿಂದಿಯಲ್ಲಿ ಪರೀಕ್ಷೆ ಬರೆದವನನ್ನು ಇಂಗ್ಲಿಷ್ ಬರುತ್ತದೆಯೇ ಎಂದು ಕೇಳದವರು ನಮ್ಮನ್ನೇ ಏಕೆ ಕೇಳುತ್ತೀರಿ? ಎರಡನೆಯದು, ಈ ಓದಿಗೆ ನೌಕರಿ ಇಲ್ಲ, ಸಪ್ತಾಪುರದ ಕೋಚಿಂಗ್ ಕೋಣೆಯಲ್ಲಿ ಕುಳಿತು ಪೊಲೀಸ ಪರೀಕ್ಷೆಗೆ ಓದಿಕೊಳ್ಳಲಿ ಎಂಬ ಉಪದೇಶ. ಸರಕಾರಿ ಪದವಿ ಕಾಲೇಜುಗಳ 1,242 ಸಹಾಯಕ ಪ್ರಾಧ್ಯಾಪಕ ಹುದ್ದೆಗಳಿಗೆ 2021ರಲ್ಲಿ ಅರ್ಜಿ ಕರೆದು 2022ರ ಮಾರ್ಚಿನಲ್ಲಿ ಪರೀಕ್ಷೆ ನಡೆಸಿದರು. ಆಯ್ಕೆಯಾದವರು ಆದೇಶಕ್ಕಾಗಿ ವರ್ಷಗಟ್ಟಲೆ ಕಾದರು. ನೌಕರಿ ಇಲ್ಲವೆಂಬುದು ನಿಜ. ಕೆಲಸ ಇಲ್ಲವೆಂಬುದು ಸುಳ್ಳು. ಕೆಲಸವನ್ನೆಲ್ಲ ಅತಿಥಿಗಳ ಕೈಯಲ್ಲಿ ಮಾಡಿಸಿಕೊಳ್ಳುತ್ತಿದ್ದಾರೆ.

ನಮ್ಮ ಪಂಡಿತರಿಗೂ ಒಂದು ಮಾತು ಹೇಳದೆ ಬಿಡಲಾರೆವು. ಶಿಷ್ಯನಿಂದ ಸಂತೆಯ ಕಾಯಿಪಲ್ಲೆ ತರಿಸುವ, ಮಗಳ ಮದುವೆಯ ಪತ್ರಿಕೆ ಹಂಚಿಸುವ ಮಾರ್ಗದರ್ಶಕರು ಎಲ್ಲ ಊರಿನಲ್ಲಿಯೂ ಇದ್ದಾರೆ. ಮಂತ್ರಿಗಳಿಗೆ, ಕಂತ್ರಾಟದಾರರಿಗೆ ಗೌರವ ಡಾಕ್ಟರೇಟ್ ಶಾಲು ಹೊದಿಸುವಾಗ ಇವರ ಕೈ ನಡುಗುವುದಿಲ್ಲ. ಬಡ ಹುಡುಗನ ಪ್ರಬಂಧದ ಅಧ್ಯಾಯ ತಿದ್ದುವಾಗ ಮಾತ್ರ ಕನ್ನಡಕ ಸಿಗುವುದಿಲ್ಲ.

ನೆಟ್‌ನ ಇತಿಹಾಸ ಪತ್ರಿಕೆಯನ್ನು ಕನ್ನಡದಲ್ಲಿ ಮುದ್ರಿಸಲು ಸಂವಿಧಾನದ ತಿದ್ದುಪಡಿ ಬೇಕಾಗಿಲ್ಲ. ನೀಟ್ ಪತ್ರಿಕೆಗೆ ದುಡಿಯುವ ಭಾಷಾಂತರಕಾರರು ಆ ಸಂಸ್ಥೆಯ ಬಳಿಯೇ ಇದ್ದಾರೆ. ಧಾರವಾಡದ ಲೋಕಸಭಾ ಸದಸ್ಯರಾದ ಪ್ರಹ್ಲಾದ ಜೋಶಿಯವರು 2019ರಿಂದ ಕೇಂದ್ರ ಸಂಪುಟದಲ್ಲಿದ್ದಾರೆ. ಅವರು ಶಿಕ್ಷಣ ಮಂತ್ರಿಗಳಿಗೆ ಈ ಮಾತು ತಿಳಿಸಿದ್ದಾರೆಯೇ, ತಿಳಿಸುತ್ತಾರೆಯೇ ಎಂದು ಮತ ಕೊಟ್ಟವರೂ ಕೊಡದವರೂ ಅವರನ್ನು ಕೇಳಬೇಕು. ಬೆಂಗಳೂರಿನ ಸರಕಾರವನ್ನು ಬೇರೆ ಎರಡು ಪ್ರಶ್ನೆ ಕೇಳಬೇಕು. ವಿಶ್ವವಿದ್ಯಾಲಯಗಳ ಖಾಲಿ ಹುದ್ದೆಗಳನ್ನು ಎಂದಿಗೆ ತುಂಬುವಿರಿ? ನೆಟ್ ಶಿಷ್ಯವೇತನವಿಲ್ಲದ ಸಂಶೋಧಕರಿಗೆ, ಯಾವ ಜಾತಿಯವರೇ ಇರಲಿ, ಹೊಟ್ಟೆ ತುಂಬುವಷ್ಟು ವೇತನವನ್ನು ಎಂದಿನಿಂದ ಕೊಡುವಿರಿ?

ನೆಟ್ ಪರೀಕ್ಷೆ ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್ ಲೆಕ್ಕದಲ್ಲಿ ನಡೆಯುತ್ತದೆ. ಅರ್ಜಿ ತುಂಬುವವರು ತಮ್ಮ ಜಾತಿಯ ಹೆಸರು ಕೇಂದ್ರದ ಪಟ್ಟಿಯಲ್ಲಿ ಇದೆಯೇ ಎಂದು ಮೊದಲು ನೋಡಿಕೊಳ್ಳಿರಿ. ಇದ್ದರೆ ತಹಸೀಲ್ದಾರ ಕಚೇರಿಯಿಂದ ಕೇಂದ್ರದ ನಮೂನೆಯಲ್ಲಿಯೇ, ಹೊಸ ತಾರೀಖಿನ ಪ್ರಮಾಣಪತ್ರ ಪಡೆಯಿರಿ. ರಾಜ್ಯದ 2ಎ, 3ಬಿ ಎಂಬ ಕಾಗದ ಅಲ್ಲಿ ನಡೆಯುವುದಿಲ್ಲ. ಕಾರ್ಖಾನೆಯಲ್ಲಿ, ಕಚೇರಿಯಲ್ಲಿ ದುಡಿಯುತ್ತಿರುವವರು 2022ರ ನಿಯಮದಲ್ಲಿ ಅರೆಕಾಲಿಕ ಪಿಎಚ್.ಡಿ.ಗೆ ಎಡೆಯಿದೆ ಎಂಬುದನ್ನು ಮರೆಯಬಾರದು. ಅದಕ್ಕೆ ಮಾಲಕರ ನಿರಾಕ್ಷೇಪಣಾ ಪತ್ರ ಬೇಕಾಗುತ್ತದೆ. ಪತ್ರ ಕೊಡಲು ಮಾಲಕರು ಸತಾಯಿಸಿದರೆ ಸಂಘದ ಕಾರ್ಯದರ್ಶಿಗಳಿಗೆ ತಿಳಿಸಿರಿ.